ಲ್ಯಾಪ್‌ಟಾಪ್ ಮಾರುವ ಮುನ್ನ: ಅಳಿಸಿದ್ದು ನಿಜವಾಗಿಯೂ ಅಳಿಯಿತೇ?

ಹಳೆಯ ಲ್ಯಾಪ್‌ಟಾಪ್ ಮಾರಲು ಹೊರಟವರು ಸಾಮಾನ್ಯವಾಗಿ ಮೊದಲು ಮಾಡುವ ಕೆಲಸ ಅದನ್ನು ಚೆನ್ನಾಗಿ ಒರೆಸಿ ಫೋಟೊ ತೆಗೆಯುವುದು. ಕೊನೆಯ ಕೆಲಸ, ಕೊಳ್ಳುವವರು ಬಾಗಿಲಿಗೆ ಬಂದು ನಿಂತಾಗ, ಡೆಸ್ಕ್‌ಟಾಪ್ ಮೇಲಿನ ಫೋಲ್ಡರ್‌ಗಳನ್ನೆಲ್ಲ ಆಯ್ದು ಡಿಲೀಟ್ ಒತ್ತಿ ರಿಸೈಕಲ್ ಬಿನ್ ಖಾಲಿ ಮಾಡುವುದು. ಇದು ಪೂರಾ ತಿರುಗುಮುರುಗು. ಒರೆಸುವ ಕೆಲಸ ಯಾವಾಗ ಮಾಡಿದರೂ ಆದೀತು. ಡೇಟಾ ವಿಷಯದಲ್ಲಿ ಮಾತ್ರ ಯಾವುದು ಮೊದಲು, ಯಾವುದು ಆಮೇಲೆ ಎಂದು ಗೊತ್ತುಮಾಡಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಬ್ಯಾಕಪ್ ಸರಿಯಾಗಿದೆಯೇ ಎಂದು ನೋಡದೆ ಡಿಸ್ಕ್ ಅಳಿಸಿದರೆ ನಷ್ಟ ಮಾರಿದವರಿಗೆ. ಖಾತೆಗಳಿಂದ ಹೊರಬಾರದೆ ಅಳಿಸಿದರೆ ಪೇಚಾಟ ಕೊಂಡವರಿಗೆ. ಸುಮ್ಮನೆ ಡಿಲೀಟ್ ಒತ್ತಿ ಕೈತೊಳೆದುಕೊಂಡರೆ ವರ್ಷಗಟ್ಟಲೆಯ ಫೋಟೊ, ಪತ್ರ, ಪಾಸ್‌ವರ್ಡ್‌ಗಳೆಲ್ಲ ಅಪರಿಚಿತರ ಕೈಗೆ.

ಆದ್ದರಿಂದ ಕ್ರಮ ಹೀಗಿರಲಿ: ಬ್ಯಾಕಪ್, ಬ್ಯಾಕಪ್‌ನ ಪರೀಕ್ಷೆ, ಖಾತೆಗಳಿಂದ ಬಿಡುಗಡೆ, ಡಿಸ್ಕ್ ಅಳಿಸುವುದು, ಅಳಿಸಿದ್ದರ ಪರೀಕ್ಷೆ. ಒರೆಸುವುದು ಕೊನೆಗೆ. ಈ ಕ್ರಮ ಏಕೆ ಬೇಕು ಎಂಬುದು ಅರ್ಥವಾಗಬೇಕಾದರೆ ಡಿಸ್ಕ್ ಒಳಗೆ ನಡೆಯುವುದನ್ನು ಸ್ವಲ್ಪ ನೋಡಬೇಕು.

ಡಿಲೀಟ್ ಒತ್ತಿದಾಗ ಆಗುವುದೇನು

ವಿಂಡೋಸ್ ಬಳಸುವ ಎನ್‌ಟಿಎಫ್‌ಎಸ್ ಎಂಬ ಫೈಲ್ ವ್ಯವಸ್ಥೆಯಲ್ಲಿ ಮಾಸ್ಟರ್ ಫೈಲ್ ಟೇಬಲ್ ಎಂಬ ಒಂದು ದೊಡ್ಡ ಪಟ್ಟಿ ಇರುತ್ತದೆ. ಪ್ರತಿ ಫೈಲ್‌ಗೂ ಅದರಲ್ಲಿ ಒಂದು ದಾಖಲೆ. ಫೈಲ್‌ನ ಹೆಸರು, ಗಾತ್ರ, ಅದು ಡಿಸ್ಕ್‌ನ ಯಾವ ಯಾವ ಜಾಗದಲ್ಲಿ ಕೂತಿದೆ ಎಂಬ ವಿವರ ಅಲ್ಲಿರುತ್ತದೆ. ಫೈಲ್ ಅಳಿಸಿ ರಿಸೈಕಲ್ ಬಿನ್ ಖಾಲಿ ಮಾಡಿದಾಗ ವಿಂಡೋಸ್ ಮಾಡುವುದು ಇಷ್ಟೇ: ಆ ದಾಖಲೆಯ ಮೇಲೆ 'ಬಳಕೆಯಲ್ಲಿಲ್ಲ' ಎಂಬ ಗುರುತು ಹಾಕುತ್ತದೆ, ಫೈಲ್ ಕೂತಿದ್ದ ಜಾಗವನ್ನು 'ಖಾಲಿ' ಎಂದು ಬರೆದುಕೊಳ್ಳುತ್ತದೆ. ಬಾಗಿಲಿನ ಹೆಸರಿನ ಫಲಕ ಕಿತ್ತ ಮಾತ್ರಕ್ಕೆ ಮನೆಯೊಳಗಿನ ಸಾಮಾನು ಖಾಲಿಯಾಗುವುದಿಲ್ಲ. ಆ ಜಾಗದಲ್ಲಿ ಬೇರೆ ಫೈಲ್ ಬಂದು ಕೂರುವವರೆಗೆ ಹಳೆಯ ಡೇಟಾ ಹಾಗೆಯೇ ಇರುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ಪಟ್ಟಿಯ ಒಂದು ದಾಖಲೆಗೆ ಸಾಮಾನ್ಯವಾಗಿ 1024 ಬೈಟ್ ಜಾಗ. ಫೈಲ್ ತೀರಾ ಚಿಕ್ಕದಾದರೆ ಅದಕ್ಕೆ ಬೇರೆ ಜಾಗ ಕೊಡುವ ಗೋಜಿಗೇ ಹೋಗದೆ ಅದರ ಇಡೀ ಬರಹವನ್ನು ಆ ದಾಖಲೆಯೊಳಗೇ ತುಂಬಿಬಿಡಲಾಗುತ್ತದೆ. ನೋಟ್‌ಪ್ಯಾಡ್‌ನಲ್ಲಿ ನಾಲ್ಕೈದು ಸಾಲು ಪಾಸ್‌ವರ್ಡ್ ಬರೆದಿಟ್ಟುಕೊಂಡ ಫೈಲ್ ಇದೆಯಲ್ಲ, ಅದು ಸರಿಯಾಗಿ ಈ ಅಳತೆಯದು. ಅಳಿಸಿದ ಮೇಲೂ ಪಟ್ಟಿಯನ್ನು ಓದಬಲ್ಲ ಯಾವ ಸಾಧನಕ್ಕಾದರೂ ಅದು ಹೆಸರಿನ ಸಮೇತ ಸಿಗಬಹುದು.

ಪಟ್ಟಿಯೇ ಹಾಳಾಗಿದ್ದರೂ ಡೇಟಾ ಹುಡುಕುವ ದಾರಿ ಇದೆ. ಫೋಟೊರೆಕ್ ಎಂಬ ಉಚಿತ ತಂತ್ರಾಂಶ ಹೆಸರು, ಫೋಲ್ಡರ್ ಯಾವುದನ್ನೂ ನೋಡುವುದಿಲ್ಲ. ಡಿಸ್ಕ್‌ನ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಓದುತ್ತಾ ಹೋಗಿ, ಜೆಪೆಗ್ ಚಿತ್ರ ಶುರುವಾಗುವಾಗ ಬರುವ ನಿರ್ದಿಷ್ಟ ಬೈಟ್‌ಗಳು ಕಂಡೊಡನೆ ಅಲ್ಲಿಂದ ಒಂದು ಚಿತ್ರವನ್ನು ಎತ್ತಿಕೊಳ್ಳುತ್ತದೆ. ಪಿಡಿಎಫ್, ವರ್ಡ್ ಫೈಲ್‌ಗಳಿಗೂ ಇದೇ ತಂತ್ರ. ಇದನ್ನು ನಡೆಸಲು ಪರಿಣತಿ ಬೇಕಿಲ್ಲ, ಒಂದು ಸಂಜೆಯ ಬಿಡುವು ಇದ್ದರೆ ಸಾಕು.

ಫಾರ್ಮ್ಯಾಟ್ ಮಾಡಿದರೆ ಎಲ್ಲವೂ ಹೋಗುತ್ತದೆ ಎಂಬ ನಂಬಿಕೆಯೂ ಅರ್ಧ ಸತ್ಯ. ಕ್ವಿಕ್ ಫಾರ್ಮ್ಯಾಟ್ ಹೊಸದೊಂದು ಖಾಲಿ ಪಟ್ಟಿ ಬರೆಯುತ್ತದೆ, ಡೇಟಾ ಇರುವ ಜಾಗವನ್ನು ಮುಟ್ಟುವುದಿಲ್ಲ. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಪೂರ್ಣ ಫಾರ್ಮ್ಯಾಟ್ ಕೂಡ ಕೆಟ್ಟ ಸೆಕ್ಟರ್‌ಗಳಿಗಾಗಿ ಡಿಸ್ಕ್ ಅನ್ನು ಓದಿ ನೋಡುತ್ತಿತ್ತೇ ಹೊರತು ಅಳಿಸುತ್ತಿರಲಿಲ್ಲ. ವಿಸ್ಟಾದಿಂದ ಈಚೆಗೆ ಪೂರ್ಣ ಫಾರ್ಮ್ಯಾಟ್ ಇಡೀ ವಿಭಾಗದ ಮೇಲೆ ಸೊನ್ನೆ ಬರೆಯುತ್ತದೆ.

ಇವು ಬರೀ ಪುಸ್ತಕದ ಭಯಗಳಲ್ಲ. ಅಮೆರಿಕದ ಎಂಐಟಿಯಲ್ಲಿ ಆಗ ವಿದ್ಯಾರ್ಥಿಗಳಾಗಿದ್ದ ಸಿಮ್ಸನ್ ಗಾರ್ಫಿಂಕೆಲ್ ಮತ್ತು ಅಭಿ ಶೆಲಾಟ್ ಬಳಸಿದ ಹಾರ್ಡ್ ಡಿಸ್ಕ್‌ಗಳನ್ನು 158ರಷ್ಟು ಕೊಂಡು ತಂದು ಪರೀಕ್ಷಿಸಿದರು. ಅವರ ವರದಿ 2003ರಲ್ಲಿ ಪ್ರಕಟವಾಯಿತು. ಓದಲು ಸಾಧ್ಯವಾದ 129 ಡಿಸ್ಕ್‌ಗಳಲ್ಲಿ ಸರಿಯಾಗಿ ಅಳಿಸಿದ್ದವು ಕೇವಲ 12. ಉಳಿದವುಗಳಲ್ಲಿ ಸಾವಿರಾರು ಕ್ರೆಡಿಟ್ ಕಾರ್ಡ್ ಸಂಖ್ಯೆಗಳು, ಖಾಸಗಿ ಪತ್ರಗಳು ಸಿಕ್ಕವು. ಒಂದು ಡಿಸ್ಕ್ ಹಣ ಕೊಡುವ ಎಟಿಎಂ ಯಂತ್ರದಿಂದ ಬಂದದ್ದಾಗಿತ್ತು. ಅಷ್ಟೂ ಡಿಸ್ಕ್‌ಗಳ ಹಿಂದಿನ ಮಾಲೀಕರು ಅಳಿಸಿಯೇ ಇರಲಿಲ್ಲ ಎಂದಲ್ಲ. ಹಲವರು ಅಳಿಸಿದ್ದರು, ಅದು ಅಳಿದಿರಲಿಲ್ಲ ಅಷ್ಟೆ.

ತಿರುಗುವ ಡಿಸ್ಕ್ ಬೇರೆ, ಎಸ್‌ಎಸ್‌ಡಿ ಬೇರೆ

ಲ್ಯಾಪ್‌ಟಾಪ್‌ನಲ್ಲಿರುವುದು ಹಳೆಯ ಬಗೆಯ, ಒಳಗೆ ತಟ್ಟೆ ತಿರುಗುವ ಹಾರ್ಡ್ ಡಿಸ್ಕ್ ಆದರೆ ಕೆಲಸ ಸರಳ. ಇಡೀ ಡಿಸ್ಕ್ ಮೇಲೆ ಒಮ್ಮೆ ಸೊನ್ನೆಗಳನ್ನೋ ಗೊತ್ತುಗುರಿಯಿಲ್ಲದ ಅಂಕಿಗಳನ್ನೋ ಬರೆದರೆ ಹಳೆಯದು ಹೋಯಿತು. ಒಂದು ಟೆರಾಬೈಟ್ ಡಿಸ್ಕ್‌ಗೆ ಎರಡು ಮೂರು ಗಂಟೆ ಹಿಡಿಯಬಹುದು. ಮೂವತ್ತೈದು ಸಲ ಬರೆಯಬೇಕು ಎಂಬ ಮಾತು ಇಂದಿಗೂ ಅಲ್ಲಲ್ಲಿ ಕೇಳಿಬರುತ್ತದೆ. ಅದರ ಮೂಲ 1996ರಲ್ಲಿ ಪೀಟರ್ ಗುಟ್‌ಮನ್ ಬರೆದ ಒಂದು ಪ್ರಬಂಧ. ಆ ಮೂವತ್ತೈದು ಸುತ್ತುಗಳು ಆ ಕಾಲದವರೆಗೆ ಬಂದಿದ್ದ ಬೇರೆ ಬೇರೆ ಬಗೆಯ ಡಿಸ್ಕ್‌ಗಳೆಲ್ಲವನ್ನೂ ಒಟ್ಟಿಗೆ ಲೆಕ್ಕಕ್ಕೆ ತೆಗೆದುಕೊಂಡು ಮಾಡಿದ ಪಟ್ಟಿ. ಯಾವುದೋ ಒಂದು ಡಿಸ್ಕ್‌ಗೆ ಅಷ್ಟನ್ನೂ ಮಾಡುವುದರಲ್ಲಿ ಅರ್ಥವಿಲ್ಲ ಎಂದು ಗುಟ್‌ಮನ್ ಅವರೇ ಆಮೇಲೆ ಬರೆದರು. ಆದರೂ ಕೆಲವು ತಂತ್ರಾಂಶಗಳ ಮೆನುವಿನಲ್ಲಿ ಆ ಆಯ್ಕೆ ಹಟ ಹಿಡಿದು ಕೂತಿದೆ. ಅದನ್ನು ಆರಿಸಿದರೆ ಡಿಸ್ಕ್ ದಿನಗಟ್ಟಲೆ ತಿರುಗುತ್ತದೆ, ಹೆಚ್ಚಿನ ಲಾಭವೇನೂ ಇಲ್ಲ.

ತಿರುಗುವ ತಟ್ಟೆಯಿಲ್ಲದೆ ಚಿಪ್‌ಗಳಲ್ಲೇ ಡೇಟಾ ಇಡುವ ಎಸ್‌ಎಸ್‌ಡಿಯ ಕಥೆಯೇ ಬೇರೆ. ಕಳೆದ ಹಲವು ವರ್ಷಗಳಲ್ಲಿ ಬಂದ ಲ್ಯಾಪ್‌ಟಾಪ್‌ಗಳಲ್ಲಿ ಬಹುಪಾಲು ಇರುವುದು ಇದೇ ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುವುದು ಒಳ್ಳೆಯದು. ಇದರೊಳಗಿನ ಫ್ಲ್ಯಾಶ್ ಮೆಮೊರಿಯಲ್ಲಿ ಒಮ್ಮೆ ಬರೆದ ಜಾಗದ ಮೇಲೆಯೇ ಮತ್ತೆ ಬರೆಯಲು ಬರುವುದಿಲ್ಲ. ಮೊದಲು ಅಳಿಸಬೇಕು, ಅಳಿಸುವುದು ದೊಡ್ಡ ದೊಡ್ಡ ಬ್ಲಾಕ್‌ಗಳಲ್ಲಿ ಮಾತ್ರ ಸಾಧ್ಯ, ಪ್ರತಿ ಬ್ಲಾಕ್‌ಗೂ ಅಳಿಸಿಕೊಳ್ಳುವ ತಾಳಿಕೆಗೆ ಒಂದು ಮಿತಿ ಇದೆ. ಹಾಗಾಗಿ ಡ್ರೈವ್ ಒಳಗಿರುವ ಕಂಟ್ರೋಲರ್ ಎಂಬ ಚಿಪ್ ಒಂದು ಉಪಾಯ ಮಾಡುತ್ತದೆ. ಒಂದು ಫೈಲ್ ಮೇಲೆ ಹೊಸದಾಗಿ ಬರೆಯಿರಿ ಎಂದು ಕಂಪ್ಯೂಟರ್ ಹೇಳಿದಾಗ ಅದು ಹೊಸ ಬರಹವನ್ನು ಬೇರೊಂದು ಖಾಲಿ ಜಾಗದಲ್ಲಿ ಬರೆದು, 'ಆ ಫೈಲ್ ಈಗ ಇಲ್ಲಿದೆ' ಎಂದು ತನ್ನ ನಕ್ಷೆಯನ್ನು ತಿದ್ದಿಕೊಳ್ಳುತ್ತದೆ. ಹಳೆಯ ಬರಹ ಹಳೆಯ ಜಾಗದಲ್ಲೇ, ಬಿಡುವಾದಾಗ ಅಳಿಸೋಣ ಎಂಬ ಸ್ಥಿತಿಯಲ್ಲಿ ಉಳಿಯುತ್ತದೆ. ಜೊತೆಗೆ ಕಂಪ್ಯೂಟರಿಗೆ ಕಾಣದ ಒಂದಷ್ಟು ಹೆಚ್ಚುವರಿ ಜಾಗವನ್ನೂ ಕಂಟ್ರೋಲರ್ ತನ್ನಲ್ಲೇ ಇಟ್ಟುಕೊಂಡಿರುತ್ತದೆ. ಅಂದರೆ 'ಈ ಫೈಲನ್ನು ಮೂರು ಸಲ ಬರೆದು ನಾಶಮಾಡುತ್ತೇವೆ' ಎನ್ನುವ ತಂತ್ರಾಂಶ ಎಸ್‌ಎಸ್‌ಡಿಯಲ್ಲಿ ಮೂರು ಬೇರೆ ಜಾಗಗಳಲ್ಲಿ ಬರೆದು ಬರುತ್ತದೆ, ಗುರಿಯಾಗಿದ್ದ ಜಾಗವನ್ನು ಮುಟ್ಟಿರುವುದೇ ಅನುಮಾನ.

ಎಸ್‌ಎಸ್‌ಡಿ ಪರವಾಗಿಯೂ ಒಂದು ಮಾತಿದೆ. ಫೈಲ್ ಅಳಿಸಿದಾಗ 'ಈ ಜಾಗದ ಡೇಟಾ ಇನ್ನು ಬೇಕಿಲ್ಲ' ಎಂದು ಡ್ರೈವ್‌ಗೆ ತಿಳಿಸುವ ಟ್ರಿಮ್ ಎಂಬ ಆದೇಶವನ್ನು ವಿಂಡೋಸ್ 7ರಿಂದ ಈಚಿನ ಎಲ್ಲ ಆವೃತ್ತಿಗಳೂ ಕಳಿಸುತ್ತವೆ. ಅದು ಸರಿಯಾಗಿ ನಡೆದಿದ್ದರೆ ಮನೆಯಲ್ಲಿ ಕೂತು ಫೋಟೊರೆಕ್ ಓಡಿಸುವವರಿಗೆ ಸಿಗುವುದು ಬಹುಮಟ್ಟಿಗೆ ಸೊನ್ನೆ. ಆದರೆ ಯಾವಾಗ ಅಳಿಸುವುದು ಎಂಬ ನಿರ್ಧಾರ ಕಂಟ್ರೋಲರಿನದು. ಅದು ನಿಮಗೆ ರಸೀತಿ ಕೊಡುವುದಿಲ್ಲ.

ಎಸ್‌ಎಸ್‌ಡಿಯನ್ನು ಪೂರ್ತಿ ಅಳಿಸಲು ನೆಚ್ಚಬಹುದಾದ ದಾರಿಗಳು ಎರಡು. ಒಂದು, ಡ್ರೈವ್‌ಗೇ ಆದೇಶ ಕೊಟ್ಟು ಅದರ ಕೈಯಲ್ಲೇ ಅಳಿಸಿಸುವುದು. ಸಾಟಾ ಡ್ರೈವ್‌ಗಳಲ್ಲಿ ಇದಕ್ಕೆ ಸೆಕ್ಯೂರ್ ಇರೇಸ್ ಎಂದೂ, ಎನ್‌ವಿಎಂಇ ಡ್ರೈವ್‌ಗಳಲ್ಲಿ ಫಾರ್ಮ್ಯಾಟ್ ಅಥವಾ ಸ್ಯಾನಿಟೈಸ್ ಎಂದೂ ಹೆಸರು. ವ್ಯವಹಾರದ ಬಳಕೆಗೆಂದು ಬರುವ ಹಲವು ಲ್ಯಾಪ್‌ಟಾಪ್‌ಗಳ ಬಯಾಸ್ (ವಿಂಡೋಸ್‌ಗೂ ಮೊದಲು ಚಾಲೂ ಆಗುವ, ಯಂತ್ರದ ಮೂಲ ತಂತ್ರಾಂಶ) ಮೆನುವಿನಲ್ಲೇ ಈ ಸೌಲಭ್ಯ ಇರುತ್ತದೆ. ಕಾಣದ ಹೆಚ್ಚುವರಿ ಜಾಗವೂ ಇದರ ವ್ಯಾಪ್ತಿಗೆ ಬರುತ್ತದೆ, ಕೆಲವು ನಿಮಿಷಗಳಲ್ಲಿ ಮುಗಿಯುತ್ತದೆ. ಆದರೂ ಕಣ್ಣು ಮುಚ್ಚಿ ನಂಬುವಂತಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಕೇಂದ್ರದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಡ್ರೈವ್ 'ಅಳಿಸಿದ್ದೇನೆ' ಎಂದು ವರದಿ ಕೊಟ್ಟು, ಡೇಟಾವನ್ನೆಲ್ಲ ಹಾಗೆಯೇ ಉಳಿಸಿಕೊಂಡಿತ್ತು.

ಎರಡನೆಯದು ಎನ್‌ಕ್ರಿಪ್ಶನ್. ನನ್ನ ಮಟ್ಟಿಗೆ ಹೆಚ್ಚು ನೆಮ್ಮದಿ ಕೊಡುವುದು ಇದೇ. ಡಿಸ್ಕ್ ಮೇಲೆ ಬೀಳುವ ಪ್ರತಿ ಬೈಟ್ ಒಂದು ಕೀಲಿಯಿಂದ ಕಲಸಿಹೋಗಿಯೇ ಬೀಳುತ್ತಿದ್ದರೆ, ಕೊನೆಗೆ ನಾಶವಾಗಬೇಕಾದದ್ದು ಆ ಕೀಲಿ ಮಾತ್ರ. ಎಲ್ಲೋ ಮೂಲೆಯ ಬ್ಲಾಕ್‌ನಲ್ಲಿ ಹಳೆಯ ಫೋಟೊದ ತುಣುಕು ಉಳಿದಿದ್ದರೂ ಕೀಲಿಯಿಲ್ಲದೆ ಅದು ಅರ್ಥವಿಲ್ಲದ ಅಂಕಿಗಳ ರಾಶಿ. ವಿಂಡೋಸ್‌ನಲ್ಲಿ ಇದರ ಹೆಸರು ಬಿಟ್‌ಲಾಕರ್, ಹೋಮ್ ಆವೃತ್ತಿಯಲ್ಲಿ ಡಿವೈಸ್ ಎನ್‌ಕ್ರಿಪ್ಶನ್. ಮ್ಯಾಕ್‌ನಲ್ಲಿ ಫೈಲ್‌ವಾಲ್ಟ್. ಟಿ2 ಚಿಪ್ ಇರುವ ಇಂಟೆಲ್ ಮ್ಯಾಕ್‌ಗಳಲ್ಲೂ ಆಪಲ್‌ನದೇ ಚಿಪ್ ಇರುವ ಹೊಸ ಮ್ಯಾಕ್‌ಗಳಲ್ಲೂ ಒಳಗಿನ ಡ್ರೈವ್ ಮೊದಲ ದಿನದಿಂದಲೇ ಎನ್‌ಕ್ರಿಪ್ಟ್ ಆಗಿರುತ್ತದೆ.

ಮಾರುವ ನಿರ್ಧಾರ ಆದ ಮೇಲೆ ಬಿಟ್‌ಲಾಕರ್ ಚಾಲೂ ಮಾಡುವವರು ಒಂದನ್ನು ಗಮನಿಸಬೇಕು. 'ಬಳಸಿದ ಜಾಗ ಮಾತ್ರ' ಎನ್‌ಕ್ರಿಪ್ಟ್ ಮಾಡಲೇ, 'ಇಡೀ ಡ್ರೈವ್' ಮಾಡಲೇ ಎಂದು ಅದು ಕೇಳುತ್ತದೆ. ಮೊದಲನೆಯದು ಹೊಸ ಯಂತ್ರಕ್ಕೆ ಸರಿ. ವರ್ಷಗಟ್ಟಲೆ ಬಳಸಿದ ಡ್ರೈವ್‌ನಲ್ಲಿ 'ಖಾಲಿ' ಎನಿಸಿಕೊಂಡ ಜಾಗದಲ್ಲೇ ಹಿಂದೆ ಅಳಿಸಿದ ಫೈಲ್‌ಗಳು ಇರುವುದು, ಆದ್ದರಿಂದ ಎರಡನೆಯದನ್ನೇ ಆರಿಸಿ. ಅದು ಪೂರ್ತಿಯಾದ ಮೇಲೆ ರಿಸೆಟ್‌ಗೆ, ಅಂದರೆ ಎಲ್ಲವನ್ನೂ ತೆಗೆದು ವಿಂಡೋಸ್ ಹೊಸದಾಗಿ ಹಾಕುವ ಹಂತಕ್ಕೆ, ಹೋಗಿ.

ಮೊದಲು ಹೊರಗೆ ತೆಗೆದುಕೊಳ್ಳಬೇಕಾದದ್ದು

ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರ್‌ಗಳನ್ನು ಯಾರೂ ಮರೆಯುವುದಿಲ್ಲ. ಮರೆಯುವುದು ಕಣ್ಣಿಗೆ ಕಾಣದ ಜಾಗದಲ್ಲಿ ಇರುವಂಥವನ್ನು: ಬ್ರೌಸರ್ ಒಳಗೆ ಉಳಿಸಿದ ಪಾಸ್‌ವರ್ಡ್‌ಗಳು, ಔಟ್‌ಲುಕ್ ಮೇಲ್‌ಗಳನ್ನು ಇಟ್ಟುಕೊಳ್ಳುವ ಪಿಎಸ್‌ಟಿ ಫೈಲ್, ಸ್ಟಿಕಿ ನೋಟ್ಸ್, ಆಟಗಳಲ್ಲಿ ಉಳಿಸಿದ ಪ್ರಗತಿ, ಲೆಕ್ಕಪತ್ರದ ತಂತ್ರಾಂಶ ತನ್ನದೇ ಫೋಲ್ಡರಿನಲ್ಲಿ ಇಟ್ಟುಕೊಂಡ ದಾಖಲೆ, ಸರ್ವರ್‌ಗಳಿಗೆ ಲಾಗಿನ್ ಆಗುವವರ ಎಸ್‌ಎಸ್‌ಎಚ್ ಕೀಲಿಗಳು. ವಿಂಡೋಸ್‌ನಲ್ಲಿ ಇವುಗಳಲ್ಲಿ ಬಹಳಷ್ಟು ಆ್ಯಪ್‌ಡೇಟಾ ಎಂಬ ಅಡಗಿಸಿಟ್ಟ ಫೋಲ್ಡರಿನಲ್ಲಿ ಇರುತ್ತವೆ. ಹೆಕ್ಕಿ ಹೆಕ್ಕಿ ನಕಲು ಮಾಡುವುದಕ್ಕಿಂತ ಅಡಗಿದ್ದೂ ಸೇರಿ ಬಳಕೆದಾರರ ಇಡೀ ಫೋಲ್ಡರನ್ನು, ಸಾಧ್ಯವಾದರೆ ಇಡೀ ಡಿಸ್ಕ್‌ನ ಇಮೇಜನ್ನೇ (ಯಥಾವತ್ ನಕಲನ್ನೇ) ಹೊರಗಿನ ಡ್ರೈವ್‌ಗೆ ತೆಗೆದಿಡುವುದು ಜಾಣತನ. ಆರು ತಿಂಗಳ ಮೇಲೆ ಯಾವುದೋ ಹಳೆಯ ಪತ್ರ ಬೇಕಾದಾಗ ಇದರ ಬೆಲೆ ಗೊತ್ತಾಗುತ್ತದೆ.

ಈ ಹಂತದಲ್ಲಿ ಎರಡು ಕಡೆ ಕಾಲು ಜಾರುವುದುಂಟು.

ಮೊದಲನೆಯದು ಕ್ಲೌಡ್ ಫೋಲ್ಡರ್. ಒನ್‌ಡ್ರೈವ್ ಅಥವಾ ಐಕ್ಲೌಡ್ ಚಾಲೂ ಇರುವ ಯಂತ್ರದಲ್ಲಿ ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್ ಫೋಲ್ಡರ್‌ಗಳು ಹಲವು ಸಲ ಕ್ಲೌಡ್‌ಗೆ ಜೋಡಣೆಯಾಗಿರುತ್ತವೆ. 'ಫೈಲ್‌ಗಳು ಹೇಗೂ ಕ್ಲೌಡ್‌ನಲ್ಲಿವೆ, ಇಲ್ಲಿರುವ ನಕಲನ್ನು ತೆಗೆದುಬಿಡೋಣ' ಎಂದು ಲಾಗಿನ್ ಆಗಿರುವಾಗಲೇ ಡಿಲೀಟ್ ಒತ್ತಿದರೆ ಆ ಅಳಿಸುವಿಕೆಯೂ ನಿಷ್ಠೆಯಿಂದ ಕ್ಲೌಡ್‌ಗೆ ಹೋಗಿ, ಅಲ್ಲಿಂದಲೂ, ಅದಕ್ಕೆ ಜೋಡಣೆಯಾದ ಇತರ ಯಂತ್ರಗಳಿಂದಲೂ ಫೈಲ್‌ಗಳು ಮಾಯವಾಗುತ್ತವೆ. ವೈಯಕ್ತಿಕ ಒನ್‌ಡ್ರೈವ್ ಖಾತೆಯ ರಿಸೈಕಲ್ ಬಿನ್‌ನಲ್ಲಿ 30 ದಿನ ಅವು ಸಿಗುತ್ತವೆ, ಆಮೇಲೆ ಇಲ್ಲ. ಹಾಗಾಗಿ ಕೈಯಾರೆ ಏನನ್ನೂ ಅಳಿಸಲು ಹೋಗಬೇಡಿ. ಮೊದಲು ಜೋಡಣೆ ಬಿಡಿಸಿ, ಅಳಿಸುವ ಕೆಲಸವನ್ನು ರಿಸೆಟ್‌ಗೆ ಬಿಡಿ. ಇದಕ್ಕೆ ಉಲ್ಟಾ ಸಮಸ್ಯೆಯೂ ಇದೆ. ಹೆಸರಿನ ಪಕ್ಕದಲ್ಲಿ ಮೋಡದ ಚಿಹ್ನೆ ಇರುವ ಫೈಲ್ ಈ ಯಂತ್ರದಲ್ಲಿ ಇಲ್ಲವೇ ಇಲ್ಲ, ಇರುವುದು ಅದರ ಹೆಸರು ಮಾತ್ರ. ಇಂಟರ್ನೆಟ್ ಇಲ್ಲದೆ ಅದನ್ನು ಹೊರಗಿನ ಡ್ರೈವ್‌ಗೆ ನಕಲು ಮಾಡಲು ಆಗುವುದಿಲ್ಲ.

ಎರಡನೆಯದು ಎರಡು ಹಂತದ ಲಾಗಿನ್. 'ಇದು ನೀವೇ ಹೌದೇ' ಎಂಬ ಪ್ರಶ್ನೆಗೆ ಉತ್ತರಿಸುತ್ತಿದ್ದ ಯಂತ್ರ ಇದೇ ಆಗಿದ್ದರೆ, ಅಳಿಸಿದ ಮರುಗಳಿಗೆ ನಿಮ್ಮ ಖಾತೆಯ ಬಾಗಿಲು ನಿಮಗೇ ಮುಚ್ಚೀತು. ವಿಂಡೋಸ್ ಹೆಲೊ (ಮುಖ, ಬೆರಳಚ್ಚು ಅಥವಾ ಪಿನ್‌ನಿಂದ ಲಾಗಿನ್ ಆಗುವ ಸೌಲಭ್ಯ) ಮೂಲಕ ಈ ಲ್ಯಾಪ್‌ಟಾಪ್‌ನೊಳಗೇ ಉಳಿಸಿದ, ಪಾಸ್‌ವರ್ಡ್ ಬದಲಿಗೆ ಬಳಸುವ ಪಾಸ್‌ಕೀಗಳು ಯಂತ್ರದ ಜೊತೆಗೇ ಹೋಗುತ್ತವೆ. ಫೋನಿನಲ್ಲೋ ಹೊಸ ಯಂತ್ರದಲ್ಲೋ ಹೊಸ ಪಾಸ್‌ಕೀ ಮಾಡಿಕೊಂಡು, ಅದರಿಂದ ಒಮ್ಮೆ ಲಾಗಿನ್ ಆಗಿ ನೋಡಿದ ಮೇಲೆ ಮುಂದುವರಿಯಿರಿ.

ಬ್ರೌಸರ್‌ನಿಂದ ಪಾಸ್‌ವರ್ಡ್‌ಗಳನ್ನು ಫೈಲಾಗಿ ಹೊರತೆಗೆದರೆ ಅದು ಯಾರು ಬೇಕಾದರೂ ಓದಬಹುದಾದ ಬರಿಯ ಪಠ್ಯ ಎಂಬುದು ನೆನಪಿರಲಿ. ಹೊಸ ಕಡೆ ತುಂಬಿಸಿದ ತಕ್ಷಣ ಅದನ್ನು ತೆಗೆದುಹಾಕಿ.

ಬ್ಯಾಕಪ್ ಆಯಿತು ಎನ್ನಬೇಕಾದರೆ ಅದನ್ನು ಬೇರೊಂದು ಕಂಪ್ಯೂಟರಿಗೆ ಸಿಕ್ಕಿಸಿ, ನಾಲ್ಕಾರು ಫೋಟೊ, ಒಂದು ದೊಡ್ಡ ವಿಡಿಯೊ, ಒಂದು ಹಳೆಯ ದಾಖಲೆ ತೆರೆದು ನೋಡಬೇಕು. ಫೋಲ್ಡರಿನ ಗಾತ್ರ ಸರಿ ಇದೆ ಎಂಬುದು ಫೈಲ್ ತೆರೆಯುತ್ತದೆ ಎಂಬುದಕ್ಕೆ ಸಾಕ್ಷಿಯಲ್ಲ.

ಖಾತೆಗಳಿಂದ ಬಿಡುಗಡೆ

ಡೇಟಾ ಉಳಿದರೆ ನಷ್ಟ ನಿಮಗೆ, ಖಾತೆಯ ಬೀಗ ಉಳಿದರೆ ಕೊಂಡವರಿಗೆ ಯಂತ್ರವೇ ಕೆಲಸಕ್ಕೆ ಬಾರದು. ಈ ವಿಷಯದಲ್ಲಿ ಮ್ಯಾಕ್ ಕಟ್ಟುನಿಟ್ಟು. ಟಿ2 ಅಥವಾ ಆಪಲ್ ಚಿಪ್ ಇರುವ ಮ್ಯಾಕ್‌ನಲ್ಲಿ, ಕಳೆದ ಯಂತ್ರವನ್ನು ಹುಡುಕಲು ಇರುವ ಫೈಂಡ್ ಮೈ ಸೌಲಭ್ಯ ಚಾಲೂ ಇದ್ದರೆ ಆ್ಯಕ್ಟಿವೇಶನ್ ಲಾಕ್ ಇರುತ್ತದೆ. ಡಿಸ್ಕ್ ಪೂರ್ತಿ ಅಳಿಸಿದರೂ ಯಂತ್ರ ಹಿಂದಿನ ಮಾಲೀಕರ ಆಪಲ್ ಖಾತೆಯ ಪಾಸ್‌ವರ್ಡ್ ಕೇಳುತ್ತದೆ. ಕದ್ದವರಿಗೆ ಬುದ್ಧಿ ಕಲಿಸಲು ಮಾಡಿದ ಏರ್ಪಾಡು, ಅವಸರದಲ್ಲಿ ಮಾರಿದವರಿಗೂ ಕಲಿಸುತ್ತದೆ.

ಬಯಾಸ್‌ಗೆ ಎಂದೋ ಹಾಕಿದ ಪಾಸ್‌ವರ್ಡ್ ಇದ್ದರೆ ತೆಗೆಯಿರಿ. ಡಿಸ್ಕ್ ಅಳಿಸಿದರೆ ಅದು ಹೋಗುವುದಿಲ್ಲ, ಮದರ್‌ಬೋರ್ಡ್‌ನಲ್ಲೇ ಕೂತಿರುತ್ತದೆ. ಬೆರಳಚ್ಚುಗಳನ್ನು ಸಂವೇದಕದ ಚಿಪ್‌ನೊಳಗೇ ಇಟ್ಟುಕೊಳ್ಳುವ ಲ್ಯಾಪ್‌ಟಾಪ್‌ಗಳೂ ಇವೆ. ಮೊದಲು ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಬೆರಳಚ್ಚನ್ನು ತೆಗೆದುಹಾಕಿ, ಬಯಾಸ್‌ನಲ್ಲಿ ಅಂಥ ಆಯ್ಕೆ ಇದ್ದರೆ ಅಲ್ಲಿಯೂ ತೆಗೆಯಿರಿ.

ಕೊಂಡು ಬಳಸುವ ತಂತ್ರಾಂಶಗಳಲ್ಲಿ ಕೆಲವು ಇಂತಿಷ್ಟೇ ಯಂತ್ರಗಳಲ್ಲಿ ಎಂದು ಲೆಕ್ಕ ಇಡುತ್ತವೆ. ಅಡೋಬಿಯ ವೈಯಕ್ತಿಕ ಚಂದಾದಾರಿಕೆಯಲ್ಲಿ ಆ ಸಂಖ್ಯೆ ಎರಡು. ಇಲ್ಲಿಂದ ಸೈನ್ ಔಟ್ ಆಗದೆ ಅಳಿಸಿದರೆ ಒಂದು ಸ್ಥಾನ ಮಾರಿದ ಯಂತ್ರದ ಹೆಸರಿನಲ್ಲೇ ಉಳಿಯುತ್ತದೆ. ವಿಂಡೋಸ್ ಪರವಾನಗಿಯ ಬಗ್ಗೆ ಮಾತ್ರ ಚಿಂತೆ ಬೇಡ. ಲ್ಯಾಪ್‌ಟಾಪ್ ಜೊತೆಗೇ ಬಂದದ್ದಾದರೆ ಅದು ಯಂತ್ರಕ್ಕೇ ಸೇರಿದ್ದು. ವಿಂಡೋಸ್ 8ರ ಕಾಲದಿಂದ ಅದರ ಕೀಲಿ ಮದರ್‌ಬೋರ್ಡ್‌ನ ಫರ್ಮ್‌ವೇರ್ ಒಳಗೇ ಇರುತ್ತದೆ, ಮತ್ತೆ ಹಾಕಿದಾಗ ತಾನಾಗಿಯೇ ಗುರುತು ಹಿಡಿಯುತ್ತದೆ.

ಕಚೇರಿಯಿಂದ ಬಂದ ಲ್ಯಾಪ್‌ಟಾಪ್ ಆಗಿದ್ದರೆ, ಕಚೇರಿಯೇ ನಿಮಗೆ ಬಿಟ್ಟುಕೊಟ್ಟಿದ್ದರೂ, ಅವರ ನಿರ್ವಹಣಾ ಪಟ್ಟಿಯಿಂದ ಅದನ್ನು ತೆಗೆಸಿದ ಮೇಲೆಯೇ ಮಾರಾಟದ ಮಾತು. ಇಲ್ಲದಿದ್ದರೆ ಎಷ್ಟು ಸಲ ರಿಸೆಟ್ ಮಾಡಿದರೂ ಇಂಟರ್ನೆಟ್ ಸಿಕ್ಕೊಡನೆ ಪರದೆಯ ಮೇಲೆ ಸಂಸ್ಥೆಯ ಹೆಸರು ಬಂದು ಅಲ್ಲಿನ ಲಾಗಿನ್ ಕೇಳುತ್ತದೆ. ಆ ಬೀಗ ತೆಗೆಯಲು ಅವರ ಐಟಿ ವಿಭಾಗಕ್ಕೆ ಮಾತ್ರ ಸಾಧ್ಯ.

ಅಳಿಸುವುದು

ವಿಂಡೋಸ್ 11ರಲ್ಲಿ ಚಾರ್ಜರ್ ಸಿಕ್ಕಿಸಿ, ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರಲ್ಲಿ ರಿಕವರಿ, ಅಲ್ಲಿಂದ ರಿಸೆಟ್. 'ರಿಮೂವ್ ಎವೆರಿಥಿಂಗ್' ಆರಿಸಿ. ಹೆಚ್ಚಿನವರು ಇಲ್ಲಿಂದ ಸೀದಾ 'ನೆಕ್ಸ್ಟ್' ಒತ್ತುತ್ತಾ ಹೋಗುತ್ತಾರೆ. ಹಾಗೆ ಮಾಡಬೇಡಿ. ಮುಂದಿನ ಪರದೆಯಲ್ಲಿ ಚಿಕ್ಕ ಅಕ್ಷರದಲ್ಲಿ 'ಚೇಂಜ್ ಸೆಟ್ಟಿಂಗ್ಸ್' ಎಂದಿರುತ್ತದೆ. ಅದರೊಳಗೆ 'ಕ್ಲೀನ್ ಡೇಟಾ' ಎಂಬ ಸ್ವಿಚ್ ಇದೆ, ತಾನಾಗಿ ಅದು ಆನ್ ಆಗಿರುವುದಿಲ್ಲ. ಅದನ್ನು ಆನ್ ಮಾಡಿದರೆ ಮಾತ್ರ ವಿಂಡೋಸ್ ಫೈಲ್‌ಗಳ ಪಟ್ಟಿ ತೆಗೆಯುವುದರ ಜೊತೆಗೆ ಡ್ರೈವನ್ನೂ ಶುಚಿ ಮಾಡುತ್ತದೆ. ಯಂತ್ರದಲ್ಲಿ ಡಿ, ಇ ಎಂದು ಬೇರೆ ವಿಭಾಗಗಳಿದ್ದರೆ ಎಲ್ಲ ಡ್ರೈವ್‌ಗಳನ್ನೂ ಅಳಿಸಬೇಕೇ ಎಂಬ ಆಯ್ಕೆಯೂ ಅಲ್ಲೇ ಇರುತ್ತದೆ. ಫೋಟೊಗಳೆಲ್ಲ ಡಿ ಡ್ರೈವ್‌ನಲ್ಲಿದ್ದು ಸಿ ಮಾತ್ರ ಅಳಿಸಿ ಮಾರಿದರೆ ಪಟ್ಟ ಶ್ರಮವೆಲ್ಲ ನೀರಿನಲ್ಲಿ ಹೋಮ.

ರಿಸೆಟ್ ಕೂಡ ಮನುಷ್ಯರೇ ಬರೆದ ತಂತ್ರಾಂಶ. 2022ರ ಫೆಬ್ರುವರಿಯಲ್ಲಿ ಮೈಕ್ರೋಸಾಫ್ಟ್ ಒಂದು ದೋಷವನ್ನು ಒಪ್ಪಿಕೊಂಡಿತು. 'ಎಲ್ಲವನ್ನೂ ತೆಗೆ' ಎಂದರೂ ಒನ್‌ಡ್ರೈವ್‌ನಿಂದ ಇಳಿದಿದ್ದ ಕೆಲವು ಫೈಲ್‌ಗಳು ಉಳಿದುಬಿಡುತ್ತಿದ್ದವು. ಆಮೇಲೆ ಸರಿಪಡಿಸಿದರು. ರಿಸೆಟ್ ಮಾಡುವ ಮುನ್ನ ಅಪ್‌ಡೇಟ್‌ಗಳನ್ನೆಲ್ಲ ಹಾಕಿಕೊಳ್ಳಿ ಎನ್ನುವುದು ಇದಕ್ಕೇ. ಎನ್‌ಕ್ರಿಪ್ಶನ್ ಮೊದಲೇ ಆಗಿರಲಿ ಎನ್ನುವುದಕ್ಕೂ ಇದೇ ಕಾರಣ: ಒಂದು ಬೇಲಿ ಸಡಿಲವಾದರೆ ಇನ್ನೊಂದು ಇರಲಿ.

ಮ್ಯಾಕ್‌ನಲ್ಲಿ ಮೇಲೆ ಹೇಳಿದ ಚಿಪ್‌ಗಳಿದ್ದು ಮ್ಯಾಕ್‌ಓಎಸ್‌ನ ಮಾಂಟರೇ ಅಥವಾ ಅದರ ನಂತರದ ಆವೃತ್ತಿ ಇದ್ದರೆ 'ಇರೇಸ್ ಆಲ್ ಕಂಟೆಂಟ್ ಆ್ಯಂಡ್ ಸೆಟ್ಟಿಂಗ್ಸ್' ಎಂಬ ಒಂದೇ ಆಯ್ಕೆ ಖಾತೆಯಿಂದ ಹೊರಬರುವುದು, ಆ್ಯಕ್ಟಿವೇಶನ್ ಲಾಕ್ ತೆಗೆಯುವುದು, ಕೀಲಿ ನಾಶಮಾಡುವುದು ಎಲ್ಲವನ್ನೂ ಮುಗಿಸುತ್ತದೆ. ಕೆಲವೇ ನಿಮಿಷದ ಕೆಲಸ. ಹಳೆಯ ಇಂಟೆಲ್ ಮ್ಯಾಕ್ ಆದರೆ ಐಕ್ಲೌಡ್‌ನಿಂದ ಕೈಯಾರೆ ಹೊರಬಂದು, ಕಮಾಂಡ್ ಮತ್ತು ಆರ್ ಒತ್ತಿ ಹಿಡಿದು ರಿಕವರಿಗೆ ಹೋಗಿ ಡಿಸ್ಕ್ ಯುಟಿಲಿಟಿಯಲ್ಲಿ ಅಳಿಸಿ ಮ್ಯಾಕ್‌ಓಎಸ್ ಮತ್ತೆ ಹಾಕಬೇಕು. ಕ್ರೋಮ್‌ಬುಕ್‌ನಲ್ಲಿ ಪವರ್‌ವಾಶ್ ಎಂಬ ರಿಸೆಟ್ ಸಾಕು, ಅದರ ಡೇಟಾ ಮೊದಲಿನಿಂದಲೂ ಎನ್‌ಕ್ರಿಪ್ಟ್ ಆಗಿಯೇ ಇರುತ್ತದೆ. ಲಿನಕ್ಸ್ ಬಳಸುವವರಿಗೆ ಎನ್‌ವಿಎಂಇ ಫಾರ್ಮ್ಯಾಟ್ ಆದೇಶವನ್ನೋ ಲಕ್ಸ್ ಹೆಡರ್ ನಾಶಮಾಡುವುದನ್ನೋ ನಾನು ಹೇಳಿಕೊಡಬೇಕಿಲ್ಲ.

ಯಂತ್ರ ಆನ್ ಆಗುವುದೇ ಇಲ್ಲವೆಂದರೆ ಡ್ರೈವನ್ನು ಬಿಚ್ಚಿ ಇಟ್ಟುಕೊಂಡು ಉಳಿದದ್ದನ್ನು ಬಿಡಿಭಾಗದ ಬೆಲೆಗೆ ಮಾರುವುದು ಕ್ಷೇಮ. ತೀರಾ ಸೂಕ್ಷ್ಮವಾದ ಡೇಟಾ ಇದ್ದವರು ಚೆನ್ನಾಗಿ ಓಡುವ ಯಂತ್ರಕ್ಕೂ ಇದನ್ನೇ ಮಾಡಬಹುದು. ಡ್ರೈವ್ ನಿಮ್ಮ ಮೇಜಿನ ಖಾನೆಯಲ್ಲಿದ್ದರೆ ಮೇಲಿನ ವಾದವಿವಾದ ಯಾವುದೂ ಬೇಕಿಲ್ಲ. ಬೆಲೆ ಸ್ವಲ್ಪ ಇಳಿಯುತ್ತದೆ, ಬಿಚ್ಚಿದ ಡ್ರೈವ್ ಒಂದು ಯುಎಸ್‌ಬಿ ಪೆಟ್ಟಿಗೆಯೊಳಗೆ ಕೂತು ಬ್ಯಾಕಪ್‌ಗೆ ಒದಗುತ್ತದೆ. ಡ್ರೈವ್‌ನ ಚಿಪ್‌ಗಳನ್ನು ಬೋರ್ಡ್‌ಗೇ ಬೆಸೆದಿರುವ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಈ ದಾರಿ ಇಲ್ಲ.

ಅಳಿಸಿದ ಮೇಲೆ ಅನುಮಾನ ಉಳಿದವರು ಪೆನ್‌ಡ್ರೈವ್‌ನಿಂದ ಲಿನಕ್ಸ್ ಚಾಲೂ ಮಾಡಿ, ಮೇಲೆ ಹೇಳಿದ ಫೋಟೊರೆಕ್ ಅನ್ನು ತಮ್ಮ ಡಿಸ್ಕ್ ಮೇಲೆಯೇ ಓಡಿಸಿ ನೋಡಬಹುದು. ವಿಂಡೋಸ್‌ನ ಜೊತೆ ಬರುವ ಹಿನ್ನೆಲೆ ಚಿತ್ರಗಳು, ಐಕಾನ್‌ಗಳು ನೂರಾರು ಸಿಗುತ್ತವೆ, ಅದು ಸಹಜ. ಪರಿಚಿತ ಮುಖ ಒಂದೂ ಕಾಣದಿದ್ದರೆ ಸರಿ.

ಎಲ್ಲ ಮುಗಿದು ಭಾಷೆ, ದೇಶ ಆರಿಸುವ ಮೊದಲ ಪರದೆ ಬಂದಾಗ ನಿಲ್ಲಿಸಿ, ಪವರ್ ಗುಂಡಿ ಒತ್ತಿ ಆರಿಸಿ. ಮ್ಯಾಕ್‌ನಲ್ಲಿ ಆ ಪರದೆಯಲ್ಲಿ ಕಮಾಂಡ್ ಮತ್ತು ಕ್ಯೂ ಒತ್ತಿದರೆ ಆರಿಸುವ ಆಯ್ಕೆ ಬರುತ್ತದೆ. 'ಸರಿಯಾಗಿದೆಯೇ ನೋಡೋಣ' ಎಂದು ನಿಮ್ಮ ಖಾತೆ ಹಾಕಿ ಒಳಗೆ ಹೋದಿರೋ, ಮತ್ತೆ ಮೊದಲಿನಿಂದ.

ಯಂತ್ರದ ಮೈಕೈ

ಕೊಳ್ಳುವವರು ಕೇಳುವ ಮೊದಲ ಪ್ರಶ್ನೆ ಬ್ಯಾಟರಿಯದ್ದು. 'ಚೆನ್ನಾಗಿದೆ' ಎಂಬುದು ಉತ್ತರವಲ್ಲ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಪವರ್‌ಸಿಎಫ್‌ಜಿ ಆದೇಶದಿಂದ ಬ್ಯಾಟರಿ ರಿಪೋರ್ಟ್ ಒಂದನ್ನು ತೆಗೆಯಬಹುದು. ಅದರಲ್ಲಿ ಎರಡು ಅಂಕಿ ನೋಡಿ: ಹೊಸದರಲ್ಲಿ ಇದ್ದ ಸಾಮರ್ಥ್ಯ ಮತ್ತು ಈಗ ಪೂರ್ತಿ ಚಾರ್ಜ್ ಆದಾಗಿನ ಸಾಮರ್ಥ್ಯ. 50,000 ಇದ್ದದ್ದು 38,500ಕ್ಕೆ ಇಳಿದಿದ್ದರೆ ಬ್ಯಾಟರಿಯಲ್ಲಿ ಉಳಿದಿರುವುದು ಶೇ 77. ಈ ವರದಿಯನ್ನು ರಿಸೆಟ್‌ಗೆ ಮುಂಚೆಯೇ ತೆಗೆದಿಟ್ಟುಕೊಳ್ಳಬೇಕು, ಆಮೇಲೆ ಒಳಗೆ ಹೋಗುವಂತಿಲ್ಲವಲ್ಲ. ಮ್ಯಾಕ್‌ನಲ್ಲಿ ಸಿಸ್ಟಮ್ ಮಾಹಿತಿಯಲ್ಲಿ ಚಾರ್ಜ್ ಸುತ್ತುಗಳ ಎಣಿಕೆ ಸಿಗುತ್ತದೆ. ಈಚಿನ ಬಹುತೇಕ ಮ್ಯಾಕ್‌ಬುಕ್‌ಗಳಿಗೆ ಆಪಲ್ ಹೇಳುವ ಮಿತಿ 1000 ಸುತ್ತು.

ಟ್ರ್ಯಾಕ್‌ಪ್ಯಾಡ್ ಮೇಲೆದ್ದಿದ್ದರೆ, ತಳದ ಮುಚ್ಚಳ ಉಬ್ಬಿ ಲ್ಯಾಪ್‌ಟಾಪ್ ಮೇಜಿನ ಮೇಲೆ ಅಲ್ಲಾಡುತ್ತಿದ್ದರೆ ಬ್ಯಾಟರಿ ಊದಿಕೊಂಡಿದೆ ಎಂದರ್ಥ. ಅದು ಬೆಂಕಿಯ ಅಪಾಯ. ಚಾರ್ಜ್ ಮಾಡುವುದನ್ನು ನಿಲ್ಲಿಸಿ, ತಿಳಿದವರಿಂದ ಅದನ್ನು ತೆಗೆಸಿ ಹೊಸದು ಹಾಕಿಸುವವರೆಗೆ ಮಾರಬೇಡಿ. ಒತ್ತಿ ಕೂರಿಸಲು ಅಂತೂ ಹೋಗಲೇಬೇಡಿ.

ಶುಚಿ ಮಾಡುವಾಗ ಯಂತ್ರ ಆರಿರಲಿ. ದ್ರವವನ್ನು ನೇರ ಯಂತ್ರದ ಮೇಲೆ ಸಿಂಪಡಿಸದೆ ಬಟ್ಟೆಗೆ ಹಾಕಿಕೊಳ್ಳಿ. ಗಾಳಿಯ ಡಬ್ಬಿಯಿಂದ ದೂಳು ಹಾರಿಸುವಾಗ ಫ್ಯಾನ್ ತಿರುಗದಂತೆ ಏನಾದರೂ ಅಡ್ಡ ಕೊಟ್ಟು ಹಿಡಿಯಿರಿ, ಇಲ್ಲದಿದ್ದರೆ ಅದು ಅಳತೆ ಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಮೆಮೊರಿ ಕಾರ್ಡ್ ಕಿಂಡಿ, ಸಿಮ್ ಕಿಂಡಿ, ಮೌಸಿನ ಪುಟ್ಟ ಯುಎಸ್‌ಬಿ ತುಂಡು ಇವನ್ನು ಬೆರಳಿನಿಂದ ಮುಟ್ಟಿ ನೋಡಿ. ಇಡೀ ಡಿಸ್ಕ್ ಅಳಿಸಿ ಕ್ಯಾಮೆರಾದ ಕಾರ್ಡನ್ನು ಒಳಗೇ ಬಿಟ್ಟು ಮಾರಿದವರಿದ್ದಾರೆ.

ಮಾರಾಟ, ಅದರ ಮರುದಿನ

ಪ್ರಕಟಣೆಯ ಫೋಟೊದಲ್ಲಿ ತಳದ ಸರಣಿ ಸಂಖ್ಯೆ ಕಾಣದಂತೆ ನೋಡಿಕೊಳ್ಳಿ, ಆದರೆ ಅದನ್ನು ನಿಮ್ಮಲ್ಲಿ ಬರೆದಿಟ್ಟುಕೊಳ್ಳಿ. ಗೀರು, ಸತ್ತ ಕೀ, ಸಡಿಲ ಕೀಲು ಇದ್ದರೆ ಅದರದೇ ಫೋಟೊ ಹಾಕಿ. ಮೊದಲೇ ತಿಳಿಸಿದ ದೋಷಕ್ಕೆ ಯಾರೂ ಜಗಳ ಆಡುವುದಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇಲ್ಲದ ಅಥವಾ ಇಂಟೆಲ್‌ನ 8ನೇ ಪೀಳಿಗೆಗಿಂತ ಹಳೆಯ ಪ್ರೊಸೆಸರ್ ಇರುವ ಯಂತ್ರಗಳು ಸಾಮಾನ್ಯವಾಗಿ 11ಕ್ಕೆ ಅರ್ಹವಲ್ಲ. ಅಂಥದನ್ನು ಹಾಗೆಂದೇ ಹೇಳಿ ಮಾರಿ, ಅಥವಾ ಲಿನಕ್ಸ್ ಮಿಂಟ್‌ನಂಥದ್ದನ್ನು ಹಾಕಿ ಕೊಡಿ.

ಯಂತ್ರ ಕೈಬಿಟ್ಟ ಮೇಲೆ ಮೈಕ್ರೋಸಾಫ್ಟ್, ಗೂಗಲ್, ಆಪಲ್ ಖಾತೆಗಳ ಸಾಧನಗಳ ಪಟ್ಟಿಗೆ ಹೋಗಿ ಹಳೆಯ ಹೆಸರು ತೆಗೆಯಿರಿ. ಫೋನಿನ ವಾಟ್ಸ್‌ಆ್ಯಪ್‌ನಲ್ಲಿ ಲಿಂಕ್ಡ್ ಡಿವೈಸಸ್ ನೋಡಿ, ಹಳೆಯ ಲ್ಯಾಪ್‌ಟಾಪ್ ಅಲ್ಲಿದ್ದರೆ ಲಾಗ್ ಔಟ್ ಮಾಡಿ. ಕೊಂಡವರು ಫೋನ್ ಮಾಡಿ 'ನಿಮ್ಮ ಪಾಸ್‌ವರ್ಡ್ ಕೇಳುತ್ತಿದೆ, ಒಮ್ಮೆ ಹೇಳಿಬಿಡಿ' ಎಂದರೆ ಹೇಳಬೇಡಿ, ಹೇಳುವ ಅಗತ್ಯವೂ ಇಲ್ಲ. ಮಾರಿದ್ದು ಮ್ಯಾಕ್ ಆಗಿದ್ದರೆ ನಿಮ್ಮ ಬ್ರೌಸರ್‌ನಲ್ಲಿ ಐಕ್ಲೌಡ್ ತಾಣಕ್ಕೆ ಲಾಗಿನ್ ಆಗಿ, ಫೈಂಡ್ ಡಿವೈಸಸ್‌ನಲ್ಲಿ ಆ ಮ್ಯಾಕ್ ಅನ್ನು ಆರಿಸಿ ಖಾತೆಯಿಂದ ತೆಗೆದುಹಾಕಿ. ಅವರು ಯಂತ್ರವನ್ನು ಮತ್ತೆ ಚಾಲೂ ಮಾಡಿದಾಗ ಬೀಗ ಬಿಟ್ಟಿರುತ್ತದೆ.